ಮೋಡದಲ್ಲಿಟ್ಟ ಅಮಾನತು

ಕಳೆದ ರಮಝಾನಿಗೆ ಮುಂಚೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರನ್ನು ಕೆಳಗಿಳಿಸಿದೆವು. 2004ರಲ್ಲಿ ಕಂತಿನ ಮೇಲೆ ಕೊಂಡದ್ದು. ಅದರ ಮಾನಿಟರ್ ಒಂದು ಟಿ.ವಿ.ಯಷ್ಟು ದಪ್ಪ. ಗುಜರಿಯವನು ತಕ್ಕಡಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಕಾಲೇಜಿಗೆ ಹೋಗುವ ಮಗಳು ಅಡ್ಡ ಬಂದಳು. "ತಡೀರಿ ಅಮ್ಮೀ, ಹಾರ್ಡ್ ಡಿಸ್ಕ್ ಬಿಚ್ಚಿಕೊಳ್ತೀನಿ. ಒಳಗಿರೋದನ್ನೆಲ್ಲ ಕ್ಲೌಡಿಗೆ ಹಾಕಿಬಿಟ್ರೆ ಆಯ್ತು, ಇನ್ನು ಎಲ್ಲಿಗೂ ಹೋಗಲ್ಲ."

ಒಳಗೆ ಇದ್ದದ್ದೇನು? ನುಡಿಯಲ್ಲಿ ಟೈಪು ಮಾಡಿದ ಒಂದಷ್ಟು ಕತೆಗಳು, ಅರ್ಧಕ್ಕೆ ನಿಂತ ಒಂದು ಕಾದಂಬರಿ, ಮದುವೆಯ ಫೋಟೋಗಳು. ಮತ್ತೆ ನನ್ನ ಅಬ್ಬಾ ಹೇಳಿ ಬರೆಸಿದ ನೆನಪುಗಳು. ಅವರು ಉರ್ದು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಕಣ್ಣಿನ ಪೊರೆ ಬಂದು ಬರೆಯಲಾಗದೆ ಹೋದಾಗ, ಮಗ್ರಿಬ್ ನಮಾಝಿನ ನಂತರ ಅವರು ಹೇಳುತ್ತಾ ಹೋಗುತ್ತಿದ್ದರು, ನಾನು ಇನ್‌ಪೇಜಿನಲ್ಲಿ ಉರ್ದುವಿನಲ್ಲೇ ಟೈಪು ಮಾಡುತ್ತಿದ್ದೆ. ಅರವತ್ತಕ್ಕೂ ಹೆಚ್ಚು ಪುಟಗಳಾದವು. 2009ರಲ್ಲಿ ಅವರು ತೀರಿಕೊಂಡರು. ಆ ಪುಟಗಳನ್ನು ನಾನು ಒಮ್ಮೆಯೂ ಅಚ್ಚು ತೆಗೆದಿರಲಿಲ್ಲ. ಆ ಪೆಟ್ಟಿಗೆಯ ಹೊರಗೆ ಅವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಮಗಳು ಒಂದು ಸಂಜೆಯಲ್ಲಿ ಎಲ್ಲವನ್ನೂ ಮೋಡಕ್ಕೇರಿಸಿದಳು. ತೆರೆದು ನೋಡಿದರೆ ನನ್ನ ಕತೆಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿದ್ದವು. ಅಬ್ಬಾನ ಫೈಲು ತೆರೆಯಲೇ ಇಲ್ಲ. ವಸ್ತು ಸುರಕ್ಷಿತವಾಗಿ ತಲುಪಿತ್ತು, ಆದರೆ ಅದರೊಳಗಿನ ಮಾತು ತಲುಪಿರಲಿಲ್ಲ. ಬರೆದದ್ದನ್ನು ಕಾಪಾಡುವುದೆಂದರೆ ಏನು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ. ಅದಕ್ಕೆ ದೊಡ್ಡದೊಂದು ಚರಿತ್ರೆಯೇ ಇದೆ.

ಇಮಾಮರ ಗಂಟು ಮತ್ತು ದರೋಡೆಕೋರ

ಇಮಾಮ್ ಗಝಾಲಿ(1058-1111)ಯವರ ಯೌವನದ ಒಂದು ಪ್ರಸಂಗವನ್ನು ಮದ್ರಸಾಗಳಲ್ಲಿ ಈಗಲೂ ಹೇಳುತ್ತಾರೆ. ಜುರ್ಜಾನಿನಲ್ಲಿ ಗುರುಗಳ ಬಳಿ ಕಲಿತು, ಪಾಠಗಳನ್ನೆಲ್ಲ ಬರೆದುಕೊಂಡ ಹಾಳೆಗಳ ಗಂಟಿನೊಂದಿಗೆ ಅವರು ತಮ್ಮೂರು ತೂಸ್‌ಗೆ ಮರಳುತ್ತಿದ್ದರು. ದಾರಿಯಲ್ಲಿ ದರೋಡೆಕೋರರು ಎಲ್ಲವನ್ನೂ ದೋಚಿದರು. ಬೇರೇನೂ ಬೇಡ, ಆ ಹಾಳೆಗಳನ್ನಾದರೂ ಕೊಡಿ, ನನ್ನ ವಿದ್ಯೆಯೆಲ್ಲ ಅದರಲ್ಲಿದೆ ಎಂದು ಅವರು ಅಂಗಲಾಚಿದರು. ಕಳ್ಳರ ನಾಯಕ ನಕ್ಕುಬಿಟ್ಟ. ಗಂಟು ಹೋದರೆ ಹೋಗಿಬಿಡುವಂಥದ್ದು ಯಾವ ವಿದ್ಯೆ ಎಂದು ಕೇಳಿ, ಹಾಳೆಗಳನ್ನು ಹಿಂದಿರುಗಿಸಿದನಂತೆ. ಗಝಾಲಿಯವರು ಊರಿಗೆ ಬಂದು ಮೂರು ವರ್ಷ ಕೂತು ಅವೆಲ್ಲವನ್ನೂ ಬಾಯಿಪಾಠ ಮಾಡಿದರು ಎನ್ನುತ್ತಾರೆ.

ಈ ಕತೆಯ ನೀತಿ ಸಾಮಾನ್ಯವಾಗಿ ಕಂಠಪಾಠದ ಪರವಾಗಿರುತ್ತದೆ. ಆದರೆ ನೆನಪಿಗೂ ಸಾವಿದೆ ಎಂಬುದು ಗಝಾಲಿಯವರಿಗಿಂತ ನಾಲ್ಕು ಶತಮಾನ ಮೊದಲೇ ಮುಸ್ಲಿಮರಿಗೆ ಗೊತ್ತಾಗಿತ್ತು. ಪ್ರವಾದಿಯವರ(ಸ) ನಿಧನದ ಬೆನ್ನಿಗೇ ನಡೆದ ಯಮಾಮಾ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಹಲವರು ಹುತಾತ್ಮರಾದರು. ಹೀಗೇ ಆದರೆ ಗತಿಯೇನು ಎಂದು ಆತಂಕಪಟ್ಟ ಹಝ್ರತ್ ಉಮರ್(ರ), ಖಲೀಫ ಅಬೂಬಕರ್‌ರ(ರ) ಮುಂದೆ ಸಂಗ್ರಹದ ಪ್ರಸ್ತಾಪವಿಟ್ಟರು. ಝೈದ್ ಬಿನ್ ಸಾಬಿತ್(ರ) ಚರ್ಮ, ಖರ್ಜೂರದ ಗರಿಯ ದಿಂಡು, ಜನರ ಎದೆ, ಹೀಗೆ ಎಲ್ಲೆಡೆಯಿಂದ ಕೂಡಿಸಿ ಬರೆದರು. ಆ ಹಾಳೆಗಳು ಕೊನೆಗೆ ಹಝ್ರತ್ ಹಫ್ಸಾ(ರ) ಅವರ ಬಳಿ ಅಮಾನತಾಗಿ ಉಳಿದವು. ಮುಂದೆ ಹಝ್ರತ್ ಉಸ್ಮಾನ್(ರ) ಅದರಿಂದ ಪ್ರತಿಗಳನ್ನು ಮಾಡಿಸಿ ಕೂಫಾ, ಬಸ್ರಾ, ಶಾಮ್ ಮೊದಲಾದ ಕಡೆಗೆ ಕಳಿಸಿದರು. ಒಂದು ಪ್ರತಿ ಮದೀನಾದಲ್ಲಿ ಉಳಿಯಿತು.

ಇದರಲ್ಲಿ ಮೂರು ಎಚ್ಚರಗಳಿವೆ. ಒಂದು, ಬರಹ ಮತ್ತು ನೆನಪು ಎರಡೂ ಬೇಕು. ಎರಡು, ಪ್ರತಿಗಳು ಬೇರೆ ಬೇರೆ ಊರುಗಳಲ್ಲಿರಬೇಕು. ಮೂರು, ಮೂಲವನ್ನು ನಂಬಿಕಸ್ಥರ ಕೈಯಲ್ಲಿಡಬೇಕು. ಇಂದಿನ ಕಂಪ್ಯೂಟರ್ ಪಂಡಿತರು ಹೇಳುವ 3-2-1 ಸೂತ್ರವೂ ಇದಕ್ಕೆ ದೂರವಲ್ಲ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ 2005ರ ತಮ್ಮ ಪುಸ್ತಕದ ಮೂಲಕ ಪ್ರಚಾರಕ್ಕೆ ತಂದ ಸೂತ್ರ ಅದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ.

ಈ ಎಚ್ಚರ ತಪ್ಪಿದಲ್ಲಿ ಏನಾಗುತ್ತದೆಂದು ನೋಡಲು ಬೀದರಿಗೆ ಹೋದರೆ ಸಾಕು. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾದಲ್ಲಿ ಮೂರು ಸಾವಿರ ಗ್ರಂಥಗಳಿದ್ದವು ಎಂಬುದು ಪ್ರತೀತಿ. ಮುಂದೆ ಕಟ್ಟಡದಲ್ಲಿ ಮದ್ದಿನ ಪುಡಿ ತುಂಬಿಟ್ಟರು. 1696ರ ಸ್ಫೋಟದಲ್ಲಿ ಅದರ ದೊಡ್ಡ ಭಾಗವೇ ಹಾರಿಹೋಯಿತು. ಇವತ್ತು ಅಲ್ಲಿ ಗೋಡೆಯ ಮೇಲೆ ನೀಲಿ ಹೆಂಚಿನ ಚೂರುಗಳಿವೆ, ಪುಸ್ತಕಗಳಿಲ್ಲ.

ಶ್ರೀರಂಗಪಟ್ಟಣದ ಕತೆ ಬೇರೆ. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದಾಗ ಅರಮನೆಯಲ್ಲಿ ಸುಮಾರು ಎರಡು ಸಾವಿರ ಗ್ರಂಥಗಳಿದ್ದವು. ಕಂಪನಿಯವರು ಅವನ್ನು ಸಾಗಿಸಿದರು. ಕೆಲವು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ, ಕೆಲವು ಲಂಡನ್ನಿಗೆ ಹೋದವು. ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಅವುಗಳ ಪಟ್ಟಿಯನ್ನೇ ಅಚ್ಚು ಮಾಡಿಸಿದ. ಟಿಪ್ಪು ತನ್ನ ಕೈಯಾರೆ ಫಾರ್ಸಿಯಲ್ಲಿ ಬರೆದಿಟ್ಟ ಕನಸುಗಳ ಪುಸ್ತಕ ಇಂದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಯಾರಿಗೂ ತೋರಿಸದೆ ಬರೆದುಕೊಂಡ ಕನಸುಗಳನ್ನು ಗೆದ್ದವರು ಓದಿದರು. ಆದರೆ ಅವು ಉಳಿದದ್ದೂ ಹಾಗೆಯೇ. ಬೀದರಿನಲ್ಲಿ ಕಳೆದುಕೊಂಡೆವು, ಶ್ರೀರಂಗಪಟ್ಟಣದಲ್ಲಿ ಒಡೆತನ ಕಳೆದುಕೊಂಡೆವು. ಮೋಡದ ಮಾತು ಬಂದಾಗಲೆಲ್ಲ ನನಗೆ ಈ ಎರಡು ಊರುಗಳು ನೆನಪಾಗುತ್ತವೆ.

ದೂರದ ಯಂತ್ರದಿಂದ ಮನೆಗೆ, ಮನೆಯಿಂದ ಮತ್ತೆ ದೂರಕ್ಕೆ

ನಮ್ಮ ಫೈಲು ದೂರದ ಯಂತ್ರದಲ್ಲಿರುವುದು ಹೊಸ ಸಂಗತಿ ಎಂದುಕೊಂಡಿದ್ದೇವೆ. ನಿಜಕ್ಕೂ ಅದೇ ಹಳೆಯದು. 1956ರಲ್ಲಿ ಐಬಿಎಂ ತಯಾರಿಸಿದ ಮೊದಲ ಡಿಸ್ಕ್ ಸಂಗ್ರಾಹಕ ರಾಮ್ಯಾಕ್‌ನಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದವು. ತೂಕ ಒಂದು ಟನ್ನಿಗೂ ಹೆಚ್ಚು. ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಮೊಬೈಲಿನ ಒಂದೆರಡು ಫೋಟೋಗಳಿಗೆ ಅಷ್ಟು ಜಾಗ ಬೇಕು. ಅಂಥ ಯಂತ್ರವನ್ನು ಒಬ್ಬೊಬ್ಬರು ಇಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ತೋರಿಸಿದರು. ಪ್ರತಿಯೊಬ್ಬರಿಗೂ ಬೇರೆ ಫೈಲು, ಬೇರೆ ಗುಪ್ತಪದ. ಅದೇ ವರ್ಷ ವಿಜ್ಞಾನಿ ಜಾನ್ ಮೆಕಾರ್ಥಿ ಮುಂದೊಂದು ದಿನ ಗಣನೆಯೂ ಟೆಲಿಫೋನಿನಂತೆ ಸಾರ್ವಜನಿಕ ಸೇವೆಯಾದೀತು ಎಂದರು.

ಆ ದಿನ ಬರುವ ಮೊದಲು ಕಂಪ್ಯೂಟರೇ ಮನೆಗೆ ಬಂತು. 1981ರಲ್ಲಿ ಐಬಿಎಂ ಪಿಸಿ ಬಂದ ಮೇಲೆ ಫೈಲುಗಳು ನಮ್ಮ ಮೇಜಿಗಿಳಿದವು. ಅಂಗೈಯಗಲದ ಫ್ಲಾಪಿಗೆ 1.44 ಎಂಬಿ. ನಮ್ಮ ತಲೆಮಾರಿನ ಬರಹಗಾರರಿಗೆ ಅದು ಚಿರಪರಿಚಿತ. ಡಿ.ಟಿ.ಪಿ. ಅಂಗಡಿಯಲ್ಲಿ ಕತೆ ಟೈಪು ಮಾಡಿಸಿ, ಫ್ಲಾಪಿಯನ್ನು ರಟ್ಟಿನ ನಡುವೆ ಇಟ್ಟು ಪತ್ರಿಕೆಗೆ ಅಂಚೆಯಲ್ಲಿ ಕಳಿಸುತ್ತಿದ್ದೆವು. ಅರ್ಧಕ್ಕರ್ಧ ಅಲ್ಲಿ ತೆರೆಯುತ್ತಿರಲಿಲ್ಲ. ಮಳೆಗಾಲದಲ್ಲಿ ಒಳಗೆ ಬೂಷ್ಟು ಹಿಡಿಯುತ್ತಿತ್ತು. ನಂತರ ಸಿ.ಡಿ., ಪೆನ್ ಡ್ರೈವ್ ಬಂದವು. 2007ರಲ್ಲಿ ನನ್ನ ಕಂಪ್ಯೂಟರ್ ಕೆಟ್ಟಾಗ ರಿಪೇರಿಯ ಹುಡುಗ ಕೇಳದೆಯೇ ಒಂದು ಭಾಗವನ್ನು ಫಾರ್ಮ್ಯಾಟ್ ಮಾಡಿಬಿಟ್ಟ. ಏಳು ಕತೆಗಳು ಹೋದವು. "ಮತ್ತೆ ಬರಕೊಳ್ಳಿ ಆಪಾ, ನೀವೇ ಬರೆದಿದ್ದಲ್ವಾ?" ಎಂದ. ಗಝಾಲಿಯವರ ದರೋಡೆಕೋರನ ಮಾತೇ ಅದು. ಆದರೆ ನನಗೆ ಅವು ಬಾಯಿಪಾಠವಿರಲಿಲ್ಲ. ಅಬ್ಬಾನ ಫೈಲು ಇನ್ನೊಂದು ಭಾಗದಲ್ಲಿದ್ದುದರಿಂದ ಉಳಿದುಕೊಂಡಿತು.

ಫೈಲುಗಳು ಮನೆ ಬಿಟ್ಟು ಹೊರಟದ್ದು ಮೊದಲು ಇ-ಮೇಲಿನ ಮೂಲಕ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಗೆಳೆಯ ಜ್ಯಾಕ್ ಸ್ಮಿತ್ 1996ರಲ್ಲಿ ಹಾಟ್‌ಮೇಲ್ ಆರಂಭಿಸಿದರು. ಸೈಬರ್ ಕೆಫೆಯಲ್ಲಿ ಕೂತು ಜಗತ್ತಿನ ಯಾವ ಮೂಲೆಯಿಂದಲಾದರೂ ನಮ್ಮ ಪತ್ರ ನೋಡಬಹುದೆಂಬುದು ಆಗ ದೊಡ್ಡ ಬೆರಗು. ಆದರೆ 2004ರ ಹೊತ್ತಿಗೂ ಅಲ್ಲಿ ಉಚಿತವಾಗಿ ಸಿಗುತ್ತಿದ್ದ ಜಾಗ 2 ಎಂಬಿ. ಆ ವರ್ಷ ಏಪ್ರಿಲ್ 1ರಂದು ಗೂಗಲ್ ಒಂದು ಜಿಬಿಯ ಜಿಮೇಲ್ ಪ್ರಕಟಿಸಿದಾಗ ಅನೇಕರು ಏಪ್ರಿಲ್ ಫೂಲ್ ಎಂದುಕೊಂಡರು. ಅಲ್ಲಿಂದ ನಮ್ಮಂಥವರು ನಮಗೆ ನಾವೇ ಮೇಲ್ ಕಳಿಸಿಕೊಂಡು ಕತೆಗಳನ್ನು ಕೂಡಿಡತೊಡಗಿದೆವು. ಹೆಸರು ಗೊತ್ತಿಲ್ಲದೆ ಮೋಡ ಬಳಸಿದ್ದೆಂದರೆ ಅದೇ.

ಮೋಡ ಎಂಬ ಹೆಸರಿನಲ್ಲಿ ಕಾವ್ಯವೇನೂ ಇಲ್ಲ. ಜಾಲದ ನಕ್ಷೆ ಬರೆಯುವಾಗ ನಡುವಿನ ಗೋಜಲನ್ನು ಬಿಡಿಸಿ ತೋರಿಸುವ ಅಗತ್ಯವಿಲ್ಲದಿದ್ದರೆ ಎಂಜಿನಿಯರುಗಳು ಅಲ್ಲೊಂದು ಮೋಡದ ಚಿತ್ರ ಬಿಡಿಸುತ್ತಿದ್ದರು. ಒಳಗೆ ಏನಿದೆಯೆಂದು ಕೇಳಬೇಡಿ ಎಂಬುದೇ ಅದರ ಅರ್ಥ. 2006ರ ಮಾರ್ಚಿಯಲ್ಲಿ ಅಮೆಜಾನ್ ಕಂಪೆನಿ ತನ್ನ ಸಂಗ್ರಹದ ಜಾಗವನ್ನು ತಿಂಗಳಿಗೆ ಜಿಬಿಗೆ 15 ಸೆಂಟ್‌ನಂತೆ ಬಾಡಿಗೆಗೆ ಬಿಟ್ಟಿತು. ಬಸ್ಸಿನಲ್ಲಿ ಕೂತ ಮೇಲೆ ಪೆನ್ ಡ್ರೈವ್ ಮರೆತದ್ದು ನೆನಪಾಗಿ ಬೇಸತ್ತ ಡ್ರ್ಯೂ ಹೌಸ್ಟನ್ ಎಂಬ ಯುವಕ, ಇರಾನಿ ಮೂಲದ ಆರಶ್ ಫಿರ್ದೌಸಿಯೊಂದಿಗೆ 2007ರಲ್ಲಿ ಡ್ರಾಪ್‌ಬಾಕ್ಸ್ ಕಟ್ಟಿದ. 2011ರಲ್ಲಿ ಆಪಲ್‌ನ ಐಕ್ಲೌಡ್, 2012ರಲ್ಲಿ ಗೂಗಲ್ ಡ್ರೈವ್ ಬಂದವು. 2013ರಿಂದ ಗೂಗಲ್ ಕೊಡುತ್ತಿರುವ 15 ಜಿಬಿ ಎಂದರೆ ಹತ್ತು ಸಾವಿರಕ್ಕೂ ಹೆಚ್ಚು ಫ್ಲಾಪಿಗಳ ಜಾಗ. ಹೀಗೆ ಅರ್ಧ ಶತಮಾನದಲ್ಲಿ ನಮ್ಮ ಬರಹ ದೂರದ ಯಂತ್ರದಿಂದ ಮನೆಗೆ ಬಂದು, ಮತ್ತೆ ದೂರದ ಯಂತ್ರಕ್ಕೇ ಹೊರಟುಹೋಯಿತು.

ಮೋಡವೂ ನೆಲದ ಮೇಲೆಯೇ ಇದೆ

ಮೋಡಕ್ಕೆ ಹಾಕಿದರೆ ಎಲ್ಲಿಗೂ ಹೋಗುವುದಿಲ್ಲ ಎಂಬ ನನ್ನ ಮಗಳ ನಂಬಿಕೆ ಪೂರ್ತಿ ಸುಳ್ಳಲ್ಲ. ಒಂದು ಫೈಲನ್ನು ದೊಡ್ಡ ಕಂಪೆನಿಗಳು ಹಲವು ಡಿಸ್ಕುಗಳಲ್ಲಿ ಪ್ರತಿ ಮಾಡಿಟ್ಟಿರುತ್ತವೆ. ನಮ್ಮ ಅಟ್ಟಕ್ಕಿಂತ ಅದು ಎಷ್ಟೋ ಭದ್ರ. ಆದರೆ ಅದೂ ಕಟ್ಟಡವೇ. ಕರೆಂಟು ಬೇಕು, ತಂಪು ಮಾಡಲು ನೀರು ಬೇಕು. 2024ರಲ್ಲಿ ಜಗತ್ತಿನ ವಿದ್ಯುತ್ತಿನ ಸುಮಾರು ಶೇಕಡ 1.5ರಷ್ಟನ್ನು ಇಂಥ ಡೇಟಾ ಕೇಂದ್ರಗಳೇ ಬಳಸಿದವು ಎಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಹೇಳಿದೆ. ಬೆಂಕಿಗೂ ಅಲ್ಲಿ ಬೇಧವಿಲ್ಲ. 2021ರ ಮಾರ್ಚಿಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪೆನಿಯ ಒಂದು ಡೇಟಾ ಕೇಂದ್ರ ಸುಟ್ಟುಹೋಯಿತು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಿಯಾನ್‌ನಲ್ಲಿ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ 858 ಟೆರಾಬೈಟ್‌ಗಳ ಸಂಗ್ರಹ ನಾಶವಾಯಿತು. ಬೇರೆ ಊರಿನಲ್ಲಿ ಅದರ ಪ್ರತಿ ಇರಲಿಲ್ಲ. ಹಝ್ರತ್ ಉಸ್ಮಾನರ(ರ) ಕಾಲದಲ್ಲಿ ಹೊಳೆದಿದ್ದ ಎಚ್ಚರ, ಜಗತ್ತಿನ ಅತಿ ಮುಂದುವರಿದ ದೇಶವೊಂದರಲ್ಲಿ ಮರೆತುಹೋಗಿತ್ತು.

ಬೆಂಕಿಯಿಲ್ಲದೆಯೂ ಮೋಡ ಕರಗುತ್ತದೆ. 2012ರ ಜನವರಿಯಲ್ಲಿ ಕೃತಿಚೌರ್ಯದ ಆರೋಪದ ಮೇಲೆ ಅಮೆರಿಕ ಸರ್ಕಾರ ಮೆಗಾಅಪ್‌ಲೋಡ್ ತಾಣವನ್ನು ಮುಚ್ಚಿಸಿದಾಗ, ಅಲ್ಲಿ ತಮ್ಮದೇ ಫೈಲು ಇಟ್ಟಿದ್ದ ನಿರಪರಾಧಿಗಳೂ ಹೊರಗುಳಿದರು. ನಮ್ಮಲ್ಲಿ ಮನೆಮಾತಾಗಿದ್ದ ಆರ್ಕುಟ್ 2014ರಲ್ಲಿ ನಿಂತಿತು. 2003ರಿಂದ 2015ರವರೆಗೆ ಜನ ಏರಿಸಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಕಳೆದುಹೋದವೆಂದು ಮೈಸ್ಪೇಸ್ 2019ರಲ್ಲಿ ಒಪ್ಪಿಕೊಂಡಿತು. ಎರಡು ವರ್ಷ ಯಾರೂ ಬಳಸದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಅಂದರೆ ಬರಹಗಾರ ತೀರಿಕೊಂಡು, ಗುಪ್ತಪದ ಮನೆಯವರಿಗೆ ತಿಳಿಯದಿದ್ದರೆ, ಎರಡು ವರ್ಷದ ನಂತರ ಅವನ ಬರಹಕ್ಕೂ ಕುತ್ತು ಬರಬಹುದು. ನಾನಿಲ್ಲದಾಗ ನನ್ನ ಖಾತೆ ಯಾರಿಗೆ ಸೇರಬೇಕೆಂದು ಮೊದಲೇ ಬರೆದಿಡುವ ಸೌಲಭ್ಯ 2013ರಿಂದಲೂ ಅಲ್ಲಿದೆ. ವಸಿಯತ್ ಬರೆದಿಡುವುದು ನಮ್ಮ ಧರ್ಮದಲ್ಲಿ ಕಲಿಸಿದ ಪಾಠ. ಹೊಲಮನೆಗೆ ಬರೆಯುತ್ತೇವೆ, ಬರಹಕ್ಕೆ ಬರೆಯುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಕಂಪ್ಯೂಟರಿನ ಕಡತ ಮೋಡದೊಂದಿಗೆ ತಾನೇ ಹೊಂದಿಕೊಳ್ಳುವಂತೆ ಮಾಡಿಟ್ಟರೆ ಅದೇ ಕಾಪು ಎಂದು ಹಲವರು ಭಾವಿಸುತ್ತಾರೆ. ಆದರೆ ಅಲ್ಲಿ ಇಲ್ಲಿನದರ ನೆರಳು ಮಾತ್ರ ಇರುತ್ತದೆ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅದು ಉಳಿಯುವುದು 30 ದಿನ.

ಇನ್ನು ಇಣುಕುವ ಕಣ್ಣುಗಳ ವಿಚಾರ. ದೊಡ್ಡ ಕಂಪೆನಿಗಳಲ್ಲಿರುವ ಜನರ ಮಾಹಿತಿಯನ್ನು ಅಮೆರಿಕದ ಗುಪ್ತಚರರು ಹೇಗೆ ಪಡೆಯುತ್ತಿದ್ದಾರೆ ಎಂಬುದನ್ನು 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲಿಗೆಳೆದ. ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಮಾಹಿತಿ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು. ಹಕ್ಕು ಕಾಗದದ ಮೇಲಿದೆ ಎಂದು ಬಾಗಿಲು ತೆರೆದಿಟ್ಟು ಮಲಗಬೇಕಿಲ್ಲ.

ಕನ್ನಡದ ನಡುವೆ ಪೌಂಡು

ನನ್ನ ಕತೆಗಳು ಕಾಗುಣಿತ ಕಳೆದುಕೊಂಡದ್ದೇಕೆ? ಹಳೆಯ ಕನ್ನಡ ತಂತ್ರಾಂಶಗಳು ಕಂಪ್ಯೂಟರಿಗೆ ಕನ್ನಡ ಕಲಿಸಿರಲಿಲ್ಲ, ಇಂಗ್ಲಿಷಿನ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸಿದ್ದವು. ನುಡಿಯ ಹಳೆಯ ಫಾಂಟಿನಲ್ಲಿ 'ಕ' ಎಂದರೆ ಒಳಗಿರುವುದು ಇಂಗ್ಲಿಷಿನ 'ಪಿ' ಮತ್ತು ತಲೆಯ ಮೇಲೆ ಗೀಟು ಹೊತ್ತ 'ಎ'. 'ನ' ಒತ್ತಿದರೆ ಒಳಗೆ ಕೂರುವುದು ಬ್ರಿಟಿಷರ ಪೌಂಡಿನ ಚಿಹ್ನೆ. ಫಾಂಟು ಇರುವವರೆಗೆ ವೇಷ ನಿಲ್ಲುತ್ತದೆ, ಅದಿಲ್ಲದ ಮೋಡದಲ್ಲಿ ವೇಷ ಕಳಚಿ ಬೀಳುತ್ತದೆ. ಎರಡು ದಶಕಗಳ ಕಾಲ ಎಷ್ಟೊಂದು ಬರಹಗಾರರ, ಮುದ್ರಣಾಲಯಗಳ ಬರಹ ಹೀಗೆ ವೇಷದಲ್ಲೇ ಕೂತಿದೆ.

ಲೋಕದ ಎಲ್ಲ ಲಿಪಿಗಳಿಗೂ ಒಂದೊಂದು ಖಾಯಂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಅದನ್ನು ತೋರಿಸಬಲ್ಲದ್ದಾಗಿತ್ತು. ಆದರೆ ಅಚ್ಚಿನ ಮನೆಗಳ ತಂತ್ರಾಂಶ ಒಪ್ಪದ್ದರಿಂದ ನಾವು ಹಳೆಯದಕ್ಕೇ ಅಂಟಿಕೊಂಡೆವು. ಉರ್ದುವಿನ ಕತೆಯೂ ಇದೇ. ಮಿರ್ಝಾ ಅಹ್ಮದ್ ಜಮೀಲರು 1981ರ ವೇಳೆಗೆ ಸಾವಿರಾರು ಪದಗುಚ್ಛಗಳನ್ನು ಕೈಯಿಂದ ಬರೆದು ನೂರಿ ನಸ್ತಾಲೀಕ್ ರೂಪಿಸಿದರು. 1994ರಲ್ಲಿ ಇನ್‌ಪೇಜ್ ಬಂದ ಮೇಲೆ ಉರ್ದು ಪತ್ರಿಕೆಗಳ ಕಾತಿಬರ ಕಲಮು ಒಂದೊಂದಾಗಿ ಕೆಳಗಿಳಿಯಿತು. ಸುಂದರವಾದ ಬರಹ ಸಿಕ್ಕಿತು, ಆದರೆ ಹಳೆಯ ಇನ್‌ಪೇಜ್ ಫೈಲು ಇನ್‌ಪೇಜಿಗೆ ಮಾತ್ರ ಅರ್ಥವಾಗುತ್ತಿತ್ತು. ಬೇರೆಯವರಿಗೆ ಅದು ಬೀಗ ಹಾಕಿದ ಪೆಟ್ಟಿಗೆ.

ಈಗ ಎರಡಕ್ಕೂ ಪರಿವರ್ತಕಗಳಿವೆ. ಕತೆಗಳನ್ನು ಯೂನಿಕೋಡಿಗೆ ತಂದದ್ದು ಒಂದು ದಿನದ ಕೆಲಸ. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಾನ ತಪ್ಪಿದ್ದವು. ಅಬ್ಬಾನ ಪುಟಗಳಿಗೆ ಇಡೀ ರಮಝಾನ್ ಹಿಡಿಯಿತು. ಪದಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಅಂಕಿಗಳು ತಿರುವುಮುರುವಾಗಿದ್ದವು. ಮಗಳಿಗೆ ಉರ್ದು ಓದಲು ಬರುವುದಿಲ್ಲ, ಅವಳು ಕಲಿತದ್ದು ಕನ್ನಡ, ಇಂಗ್ಲಿಷು ಮಾತ್ರ. ಹಾಗಾಗಿ ಸಹರಿಯ ನಂತರ ನಾನು ಓದುವುದು, ಅವಳು ಕೇಳುವುದು. ತಾತನ ಶಾಲೆಯ ಸೋರುವ ಮಾಡು, ಸಂಬಳವಿಲ್ಲದ ತಿಂಗಳುಗಳು, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಮನೆಮನೆ ತಿರುಗಿದ್ದು, ಎಲ್ಲವೂ ಅವಳಿಗೆ ಮೊದಲ ಬಾರಿಗೆ ತಿಳಿಯಿತು. ನಡುವೆ ಅವಳೊಮ್ಮೆ ಕೇಳಿದಳು: "ನೀವಿಲ್ದೇ ಇದ್ರೆ ಇದನ್ನ ಯಾರು ಓದ್ತಿದ್ರು ಅಮ್ಮೀ?" ಯೂನಿಕೋಡಿನಲ್ಲಿ ಇದಕ್ಕೆ ಉತ್ತರವಿಲ್ಲ. ಈದ್ ಕಳೆದ ಮೇಲೆ ಅವಳು ಅಲಿಫ್, ಬೇ ಬರೆಯಲು ಕೂತಿದ್ದಾಳೆ.

ಒಂದು ಕಡೆ ನಾನು ನಿಲ್ಲಿಸಬೇಕಾಯಿತು. ಮೊಹಲ್ಲಾದ ಒಂದು ಮನೆಯ ಕಷ್ಟವನ್ನು, ಆ ಮನೆಯವರು ನಂಬಿ ಹೇಳಿಕೊಂಡದ್ದನ್ನು, ಅಬ್ಬಾ ನಾಲ್ಕು ಪುಟಗಳಲ್ಲಿ ಹೇಳಿ ಬರೆಸಿದ್ದರು. ಕೊನೆಗೆ, "ಇದು ಅಮಾನತ್ ಬೇಟಿ, ಹೊರಗೆ ಹೋಗಬಾರದು" ಎಂದದ್ದೂ ನನಗೆ ನೆನಪಿದೆ. ಆ ಮನೆಯ ಮಕ್ಕಳು ಈಗಲೂ ನಮ್ಮ ಬೀದಿಯಲ್ಲಿದ್ದಾರೆ. ಮಗಳು ಹೇಳಿದಳು, ಬೀಗ ಹಾಕಿಯೂ ಏರಿಸಬಹುದು, ಕಂಪೆನಿಯವರಿಗೂ ಓದಲಾಗದಂತೆ. ಇರಬಹುದು. ಆದರೂ ಆ ನಾಲ್ಕು ಪುಟಗಳನ್ನು ನಾನು ಬೇರ್ಪಡಿಸಿದೆ. ಅವಸರದಲ್ಲಿ ಏರಿಸಿದ್ದ ಹಳೆಯ ಫೈಲನ್ನು ಮೋಡದಿಂದಲೂ, ಅದರ ಕಸದ ಬುಟ್ಟಿಯಿಂದಲೂ ತೆಗೆಸಿದೆ. ಟಿಪ್ಪುವಿನ ಕನಸುಗಳ ಗತಿ ನೆನಪಿತ್ತು. ಎಲ್ಲವನ್ನೂ ಕಾಪಾಡುವುದು ಸುಲಭವಾದ ಕಾಲದಲ್ಲಿ, ಏನನ್ನು ಎಲ್ಲಿಡಬೇಕೆಂಬ ವಿವೇಕ ಮಾತ್ರ ನಮ್ಮ ಜವಾಬ್ದಾರಿಯಾಗಿಯೇ ಉಳಿದಿದೆ.

ಉಳಿದ ಪುಟಗಳು ಈಗ ಮೂರು ಕಡೆ ಇವೆ. ಒಂದು ಮೋಡದಲ್ಲಿ. ಇನ್ನೊಂದು ಪೆನ್ ಡ್ರೈವಿನಲ್ಲಿ, ಬೇರೆ ಊರಿನಲ್ಲಿರುವ ತಮ್ಮನ ಬೀರುವಿನಲ್ಲಿ. ಮೂರನೆಯದು ಕಾಗದದ ಮೇಲೆ ಅಚ್ಚಾಗಿ, ದಾರದಿಂದ ಹೊಲಿಸಿಕೊಂಡು, ಅಬ್ಬಾನ ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿದೆ. ಕಂಪ್ಯೂಟರನ್ನು ಮೊನ್ನೆ ಗುಜರಿಯವನು ಒಯ್ದ. ಹಾರ್ಡ್ ಡಿಸ್ಕನ್ನು ಕೊಡಲಿಲ್ಲ. ಆ ನಾಲ್ಕು ಪುಟಗಳು ಅದರಲ್ಲೇ ಇವೆ.